ಕೋಟಿನ ಜೇಬಿನೊಳಗಿನ ಕೈ

ಕೈಯಿಂದ ಮಾಡಿ ಕಲಿಯುವ ತರಬೇತಿಯಲ್ಲಿ ತಮ್ಮ ಕೈಯನ್ನೇ ತೋರಿಸದ ಗುರುವನ್ನು ನಾನು ಕಂಡದ್ದು ರಾಣೆಬೆನ್ನೂರಿನಲ್ಲಿ ಮಾತ್ರ. ಸಂಶೋಧಕರಿಗೆ ಏಕಕೋಶ ವಿಶ್ಲೇಷಣೆಯ ವಿದ್ಯೆ ಕಲಿಸುವ ಡಾ. ಮುಸರತ ಪ್ರಯೋಗಾಲಯಕ್ಕೆ ಕಾಲಿಟ್ಟರೆಂದರೆ ಎರಡೂ ಮುಷ್ಟಿಗಳು ಬಿಳಿ ಕೋಟಿನ ಜೇಬು ಸೇರುತ್ತವೆ; ಆ ಭಾರಕ್ಕೆ ಜೇಬುಗಳು ಜೋತುಬಿದ್ದು, ಹೊಲಿಗೆ ಬಿಚ್ಚಿ, ಮತ್ತೆ ಹೊಲಿಸಿಕೊಂಡಿವೆ. ನಡಿಗೆಯಲ್ಲಿ ಸದ್ದಿಲ್ಲ. ಅವರು ಬೆನ್ನ ಹಿಂದೆ ಬಂದು ನಿಂತದ್ದು ತಿಳಿಯುವುದು “ಹಗೂರಕ”, ಅಂದರೆ ಮೆಲ್ಲಗೆ, ಎಂಬ ಒಂದೇ ಮಾತಿನಿಂದ.

ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರದ ಮನೆತನದಲ್ಲಿ, ಹರಾಜಿನ ಸವಾಲಿನ ಕೂಗಾಟದ ನಡುವೆ ಬೆಳೆದ ಹೆಣ್ಣುಮಗಳಿಗೆ ಈ ಹಗೂರಕ ಎಲ್ಲಿಂದ ಅಂಟಿತೋ ತಿಳಿಯದು. ಬಸ್ ನಿಲ್ದಾಣದಲ್ಲಿ ನುಗ್ಗುವ ಜನಕ್ಕೂ “ಹಗೂರಕ ಹತ್ರಿ” ಎನ್ನುತ್ತ ನಿಂತು ಹಾವೇರಿ ಬಸ್ಸನ್ನೇ ತಪ್ಪಿಸಿಕೊಂಡವರು. ಆದರೆ ಅವರ ಕೆಲಸವೂ ಅಂಥದೇ. ಎಲೆಯನ್ನು ಒಂದೊಂದೇ ಜೀವಕೋಶವಾಗಿ ಬಿಡಿಸುವಾಗ ಅವುಗಳ ಗೋಡೆ ಕರಗಿಹೋಗಿರುತ್ತದೆ. ದ್ರವ ಎತ್ತುವ ಪಿಪೆಟ್ಟನ್ನು ತುಸು ಜೋರಾಗಿ ಒತ್ತಿದರೂ ಒಡೆದು ಸಾಯುತ್ತವೆ. ಸತ್ತವು ಕೋಶಗಳನ್ನು ಓದುವ ಯಂತ್ರಕ್ಕೆ ಹೋದರೆ ಬರುವುದು ಬರೀ ಸುಳ್ಳು ಸಮಾಚಾರ.

ಒಮ್ಮೆ ಹಿರಿಯ ಪ್ರಾಧ್ಯಾಪಕರೊಬ್ಬರು, ತಾವೇ ಮಾಡಿ ತೋರಿಸಿ ಎಂದು ಪಟ್ಟು ಹಿಡಿದರು. ಮೇಡಂ ಗದ್ದದಿಂದಲೇ ಪಿಪೆಟ್ಟಿನತ್ತ ಸನ್ನೆ ಮಾಡಿದರು. ಪ್ರಾಧ್ಯಾಪಕರೇ ಒತ್ತಿದರು; ಕೋಶಗಳೆಲ್ಲ ಒಡೆದುಹೋದವು. “ಸತ್ತಾವ್ರಿ ಸರ್. ಮತ್ತ ಮಾಡೋಣು,” ಎಂದರು ಮೇಡಂ, ಪಂಕ್ತಿಯಲ್ಲಿ ಇನ್ನೊಂದು ಹೋಳಿಗೆ ಬಡಿಸುವವರ ಸಮಾಧಾನದಲ್ಲಿ.

ಮೇಡಂ ಅವರ ಈ ಹಟಕ್ಕೆ ಕಾರಣವಿತ್ತು. ತಾವು ಕಲಿಯಲು ಹೋದಲ್ಲಿ ಗುರುಗಳೇ ಎಲ್ಲವನ್ನೂ ಸೊಗಸಾಗಿ ಮಾಡಿ ಮುಗಿಸಿದ್ದರಂತೆ. ಚಪ್ಪಾಳೆ ತಟ್ಟಿ ಊರಿಗೆ ಮರಳಿದ ಮೇಲೆ ಇವರಿಗೆ ಒಂದು ಹನಿಯನ್ನೂ ನೆಟ್ಟಗೆ ಎತ್ತಲು ಬರಲಿಲ್ಲವಂತೆ.

ಆ ಹಟ ನಿಜವಾಗಿ ಪರೀಕ್ಷೆಗೊಳಗಾದದ್ದು ಗುತ್ತಲದ ಸಂಶೋಧನಾ ವಿದ್ಯಾರ್ಥಿನಿ ಐಶ್ವರ್ಯಳ ಮುಂದೆ. ಮೇಡ್ಲೇರಿಯ ಹೊಲವೊಂದರಲ್ಲಿ ರೋಗ ತಗುಲಿ ಮೆಣಸಿನ ಗಿಡಗಳೆಲ್ಲ ಮುರುಟಿದ್ದಾಗ ಒಂದೇ ಒಂದು ಗಿಡ ಹಸಿರಾಗಿ ನಿಂತಿತ್ತು. ಅವಳ ಸಂಶೋಧನೆಯ ಪ್ರಾಣವೆಲ್ಲ ಅದರಲ್ಲಿತ್ತು. ಅಂದು ಬೆಳಿಗ್ಗೆ ಅದು ಕಳೆ ತೆಗೆಯುವ ಎಡೆಕುಂಟೆಗೆ ಸಿಕ್ಕು ಬುಡಸಮೇತ ಕಿತ್ತುಬಂದಿತ್ತು. ಉಳಿದ ಹಿಡಿ ಎಲೆಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು ಓಡಿಬಂದವಳ ಕೈ ಗಡಗಡ ನಡುಗುತ್ತಿತ್ತು.

“ಮೇಡಂ, ಇದೊಂದು ನೀವ ಮಾಡ್ರಿ. ಕೆಟ್ರ ಮತ್ತ ಸಿಗಂಗಿಲ್ರಿ.”

“ನಾ ಮಾಡಿದ್ರ ಆಕ್ಕೈತಿ, ಖರೇ. ನಾಳೆ ನಿನ್ನ ಲ್ಯಾಬಿನ್ಯಾಗ ನಾ ಇರ್ತೇನೇನವಾ? ಹಿಡಿ. ಹಗೂರಕ.”

ಪಕ್ಕದ ಮೇಜಿನಲ್ಲಿ ಕಲಿಯುತ್ತಿದ್ದ ನಾನು ಎಂಥ ಕಲ್ಲುಮನಸ್ಸು ಎಂದುಕೊಂಡೆ. ಆದರೆ ಮೇಡಂ ಅವಳ ಪಕ್ಕದಿಂದ ಕದಲಲಿಲ್ಲ. ಅವಳ ಹೆಬ್ಬೆರಳು ಪಿಪೆಟ್ಟನ್ನು ಒತ್ತಿದಾಗಲೆಲ್ಲ ಜೇಬಿನೊಳಗೆ ಇವರ ಹೆಬ್ಬೆರಳೂ ಒತ್ತುತ್ತಿತ್ತು, ಅವಳು ಬಿಟ್ಟಾಗ ಬಿಡುತ್ತಿತ್ತು. ಬಟ್ಟೆಯ ಮೇಲಿಂದಲೇ ಅದು ಕಾಣುತ್ತಿತ್ತು.

ಬಣ್ಣ ಹಾಕಿದಾಗ ಹಸಿರಾಗಿ ಹೊಳೆಯುವುದು ಬದುಕಿರುವ ಕೋಶ ಮಾತ್ರ. ಐಶ್ವರ್ಯ ಸೂಕ್ಷ್ಮದರ್ಶಕಕ್ಕೆ ಕಣ್ಣಿಟ್ಟಳು. “ಬದುಕ್ಯಾವ್ರಿ ಮೇಡಂ!” ಎಂದು ಕೂಗಿಯೇಬಿಟ್ಟಳು. ಮುಸರತ ಬಗ್ಗಿ ಬಹಳ ಹೊತ್ತು ನೋಡಿದರು. “ಇದು ನಿನ್ನ ಕೈ ಕೆಲಸ. ನಂದಲ್ಲ,” ಎಂದರು. ಇವರು ನಮ್ಮ ಸೀಮೆಯವರು ಎಂದು ನನಗೆ ಎದೆ ತುಂಬಿ ಬಂತು.

ಬಲ್ಲವರು ಮಾಡಿ ತೋರಿಸುವುದು ದೊಡ್ಡದಲ್ಲ. ಬಲ್ಲ ಕೈಯನ್ನು ತಡೆಹಿಡಿದು, ಇನ್ನೊಬ್ಬರ ನಡುಗುವ ಕೈ ಪಳಗುವ ತನಕ ಕಾಯುವುದು ತಪಸ್ಸು. ಇಂಥವರ ವಿದ್ಯೆ ಎಷ್ಟೆಂದು ಅಳೆಯಬೇಕಾದರೆ ಅವರಿಲ್ಲದ ಪ್ರಯೋಗಾಲಯಕ್ಕೆ ಹೋಗಿ ನೋಡಬೇಕು.