ದೊರೆಸಾನಿ ಕಾಸು

ನಾನು ಹತ್ತು ಡಾಲರಿನ ಒಂದು ಚಿನ್ನದ ನಾಣ್ಯ. ಹುಟ್ಟಿದ್ದು ಅಮೆರಿಕದ ನೆವಾಡ ಸೀಮೆಯಲ್ಲಿ, ಕಾರ್ಸನ್ ಸಿಟಿ ಎಂಬ ಊರಿನ ಟಂಕಸಾಲೆಯಲ್ಲಿ, ೧೮೭೩ರಲ್ಲಿ. ನನ್ನ ಮೈಯಲ್ಲಿ ಒಂಬತ್ತು ಪಾಲು ಚಿನ್ನ, ಒಂದು ಪಾಲು ತಾಮ್ರ. ಉಗಿಯಂತ್ರದ ಅಚ್ಚು ಒಮ್ಮೆ ಧಡ್ ಎಂದು ಬಿದ್ದು ಎದ್ದಿತು. ಅಷ್ಟರಲ್ಲಿ ನನ್ನ ಒಂದು ಮುಖದಲ್ಲಿ ಕಿರೀಟದ ಹೆಣ್ಣೊಬ್ಬಳು ಮೂಡಿದ್ದಳು, ಅವಳ ಸುತ್ತ ಹದಿಮೂರು ನಕ್ಷತ್ರ. ಇನ್ನೊಂದು ಮುಖದಲ್ಲಿ ರೆಕ್ಕೆ ಬಿಚ್ಚಿದ ಹದ್ದು. ಹದ್ದಿನ ಕೆಳಗೆ ಸಾಸಿವೆ ಕಾಳಿನಷ್ಟು ಗಾತ್ರದ ಎರಡು ಅಕ್ಷರ: ಸಿ, ಸಿ. ಅದು ನನ್ನ ತವರಿನ ಗುರುತು.

ಆ ವರ್ಷ ಅಲ್ಲಿ ಹುಟ್ಟಿದ ಹತ್ತು ಡಾಲರಿನ ನಾಣ್ಯಗಳು ಬರೀ ನಾಲ್ಕೂವರೆ ಸಾವಿರ. ಬಹುಪಾಲು ಕರಗಿ ಎಲ್ಲೆಲ್ಲೋ ಹೋದವು. ಇದನ್ನು ಜಂಬಕ್ಕೆ ಹೇಳುತ್ತಿಲ್ಲ. ಹಲವರು ನನ್ನನ್ನು ಹಿಡಿದರು, ತೂಗಿದರು, ಒರೆಗಲ್ಲಿಗೆ ಉಜ್ಜಿದರು. ನೂರು ವರ್ಷ ದಾಟುವವರೆಗೆ ಒಬ್ಬರೂ ಆ ಎರಡು ಅಕ್ಷರ ನೋಡಲಿಲ್ಲ. ಆ ಸಿಟ್ಟಿಗೆ ಹೇಳುತ್ತಿದ್ದೇನೆ. ಅದಕ್ಕಿಂತ ದೊಡ್ಡ ಸಿಟ್ಟು ಇನ್ನೊಂದಿದೆ. ಒಬ್ಬ ಹೆಂಗಸಿನ ಮೇಲೆ ಕಳ್ಳತನದ ಮಾತು ಬಂದಾಗ ನಿಜ ಗೊತ್ತಿದ್ದ ನಾನು ಅವಳೆದುರಿಗೇ ಇದ್ದೆ. ನನಗೆ ಬಾಯಿ ಇರಲಿಲ್ಲ.

ನನ್ನ ಮೊದಲ ಒಡೆಯ ಪಾಸ್ಕೋ, ನೆವಾಡದ ಬೆಳ್ಳಿ ಗಣಿಯಲ್ಲಿ ಬಂಡೆ ಒಡೆಯುತ್ತಿದ್ದ ಇಂಗ್ಲೆಂಡಿನವ. ಮೊದಲ ಸಂಬಳದಲ್ಲಿ ಬಂದ ನನ್ನನ್ನು ಅವನು ಖರ್ಚು ಮಾಡಲಿಲ್ಲ. ಗಡಿಯಾರದ ಜೇಬಿನಲ್ಲಿ ಇಟ್ಟುಕೊಂಡು ಯೋಚನೆ ಬಂದಾಗಲೆಲ್ಲ ಹೆಬ್ಬೆರಳಿನಿಂದ ಸವರುತ್ತಿದ್ದ. ಅಲ್ಲಿನ ಬೆಳ್ಳಿ ಬತ್ತಿದಾಗ ಊರಿಗೆ ಮರಳಿದ, ಮದುವೆಯಾದ, ಹಡಗು ಹತ್ತಿ ಕೋಲಾರ ಸೀಮೆಗೆ ಬಂದ. ಬಿಳಿಗುಂಡ್ಲು ಎಂಬ ಸಣ್ಣ ಚಿನ್ನದ ಗಣಿಯಲ್ಲಿ ಮೇಸ್ತ್ರಿಗಳ ಮೇಲಿನ ಮೇಸ್ತ್ರಿಯಾದ. ಜನ ಅವನನ್ನು ಪಾಸ್ಕೋ ದೊರೆ ಎಂದರು.

ಒಂದು ಬೇಸಿಗೆಯ ಮಟಮಟ ಮಧ್ಯಾಹ್ನ ದೊರೆಸಾನಿಗೆ ಹೆರಿಗೆ ನೋವು ಬಂತು. ಡಾಕ್ಟರು ಬೆಂಗಳೂರಿಗೆ ಹೋಗಿದ್ದರು. ಬಟ್ಲರ್ ಅಂತೋಣಿ ಗಣಿ ಕೂಲಿಗಳ ಮನೆಸಾಲಾದ ಕೂಲಿಲೈನಿಗೆ ಓಡಿ ಸೂಲಗಿತ್ತಿ ಓಬಳಮ್ಮನನ್ನು ಕರೆತಂದ. ಮಗು ಕಾಲು ಮುಂದಾಗಿ ನಿಂತಿತ್ತು. ಓಬಳಮ್ಮ ಕೈಗೆ ಹರಳೆಣ್ಣೆ ಸವರಿಕೊಂಡು ಒಳಗೆ ಹೋದವಳು ಎರಡು ಗಂಟೆ ಹೊರಗೆ ಬರಲಿಲ್ಲ. ಜಗಲಿಯ ಮೇಲೆ ಪಾಸ್ಕೋ ಶತಪಥ ಹಾಕುತ್ತ ನನ್ನನ್ನು ಎಷ್ಟು ಸವರಿದನೆಂದರೆ ನಾನು ಬಿಸಿಯಾಗಿದ್ದೆ. ಕೊನೆಗೆ ಮಗು ಅತ್ತಿತು. ಅವನೂ ಅತ್ತ.

ಓಬಳಮ್ಮ ಕೈ ತೊಳೆದುಕೊಂಡು ಬಂದಾಗ ಅವನು ನನ್ನನ್ನು ತೆಗೆದು ಅವಳ ಅಂಗೈಯಲ್ಲಿಟ್ಟ. ಅವಳು ಬೆಚ್ಚಿ ಹಿಂದಕ್ಕೆ ಚಾಚಿದಳು.

"ಇಷ್ಟು ದೊಡ್ಡದು ನಮಗ್ಯಾಕೆ ದೊರೆ? ಒಂದು ಸೀರೆ ಕೊಡ್ಸಿ, ಎರಡು ಸೇರು ಅಕ್ಕಿ ಕೊಡ್ಸಿ, ಸಾಕು."

ಒಳಗಿನಿಂದ ದೊರೆಸಾನಿ ಸಣ್ಣ ದನಿಯಲ್ಲಿ ಏನೋ ಹೇಳಿದಳು. ಅಂತೋಣಿ ಅದನ್ನು ಕನ್ನಡಕ್ಕೆ ತಂದ: "ತಗೊಳ್ಳಲೇಬೇಕಂತೆ. ನಿನ್ನ ಕೈಯಾಗೆ ಮಗ ಉಳಿದೈತೆ, ಇದೂ ನಿನ್ನ ಕೈಯಾಗೇ ಇರ್ಲಿ ಅಂತಾವ್ರೆ."

ಹೀಗೆ ನಾನು ಓಬಳಮ್ಮನವಳಾದೆ. ಮಾರನೆಯ ದಿನವೇ ಅವಳು ಆಚಾರಿಯ ಹತ್ತಿರ ಹೋಗಿ ನನ್ನ ನೆತ್ತಿಯ ಮೇಲೆ ಒಂದು ಕೊಂಡಿ ಬೆಸೆಸಿದಳು. ಕಾದ ಬೆಸುಗೆ ತಾಗಿ ಒಂದು ನಕ್ಷತ್ರ ಅರ್ಧ ಕರಗಿತು. ನನಗೆ ಕೆಟ್ಟೆನಿಸಿತು. ಆದರೆ ಕರಿದಾರದಲ್ಲಿ ಪೋಣಿಸಿ ಕೊರಳಿಗೆ ಹಾಕಿಕೊಂಡಾಗ ಅವಳ ಮುಖ ನೋಡಬೇಕಿತ್ತು. ನನ್ನ ಮೇಲಿನ ಹೆಣ್ಣಿಗೆ ಒಂದು ಚುಕ್ಕೆ ಕುಂಕುಮ ಇಟ್ಟು "ದೊರೆಸಾನಿ ಕಾಸು" ಎಂದು ಹೆಸರಿಟ್ಟಳು.

ಆ ಸಂತೋಷ ಎಂಟೇ ದಿನ. ಚಿನ್ನದ ಗಣಿಯ ಊರಿನಲ್ಲಿ ಕೂಲಿಯವಳ ಕೊರಳಲ್ಲಿ ಚಿನ್ನ ಹೊಳೆದರೆ ಸುಮ್ಮನೆ ಬಿಡುತ್ತಾರೆಯೇ? ಗಣಿಯ ಕಾವಲಿನವರು ಅವಳನ್ನು ಗೇಟಿನಲ್ಲಿ ತಡೆದು ಠಾಣೆಗೆ ಕರೆದೊಯ್ದರು. ದಾರ ಕಿತ್ತು ನನ್ನನ್ನು ಮೇಜಿನ ಮೇಲಿಟ್ಟರು.

"ಎಲ್ಲಿಂದ ತಂದೆ?"

"ಪಾಸ್ಕೋ ದೊರೆ ಕೊಟ್ರು ಸಾಮಿ."

"ದೊರೆ ನಿನಗೆ ಚಿನ್ನ ಕೊಡ್ತಾರಾ? ನೀನೇನು ಅವರ ನೆಂಟಳಾ?"

ಪಾಸ್ಕೋ ಯಾವುದೋ ಹೊಸ ಗಣಿ ನೋಡಲು ರಾಯಚೂರಿನ ಕಡೆ ಹೋಗಿದ್ದ. ಮೂರು ಹಗಲು ಅದೇ ಪ್ರಶ್ನೆ, ಅದೇ ಉತ್ತರ. ನನ್ನ ಮೈಮೇಲೆ ಅಮೆರಿಕ ಎಂದು ಅಚ್ಚೊತ್ತಿದೆ. ಕೋಲಾರದ ಮಣ್ಣಿಗೂ ನನಗೂ ಸಂಬಂಧವಿಲ್ಲ. ಅದನ್ನಾದರೂ ಓದಬಾರದೇ? ಓದಲಿಲ್ಲ. ಮೂರನೆಯ ದಿನ ಸುದ್ದಿ ತಿಳಿದ ದೊರೆಸಾನಿ ಬಾಣಂತಿತನದಲ್ಲೇ ಜಟಕಾ ಹತ್ತಿ, ಮಗುವನ್ನು ಎತ್ತಿಕೊಂಡು ಠಾಣೆಗೆ ಬಂದಳು. ಕೆಂಪು ಮುಖ ಮಾಡಿಕೊಂಡು ನನ್ನತ್ತ ಬೆರಳು ತೋರಿಸಿ, ಓಬಳಮ್ಮನತ್ತ ತೋರಿಸಿ ಏನೇನೋ ಕೂಗಿದಳು. ಓಬಳಮ್ಮನನ್ನು ಬಿಟ್ಟರು, ನನ್ನನ್ನೂ ಕೊಟ್ಟರು. ದಫ್ತರದಲ್ಲಿ ಮಾತ್ರ "ಓಬಳಮ್ಮ, ಸೂಲಗಿತ್ತಿ, ಚಿನ್ನದ ಕಾಸು, ಕಳವಿನ ಅನುಮಾನ, ಬಿಡುಗಡೆ" ಎಂದು ಬರೆದರು. ಬಿಟ್ಟದ್ದು ಏಕೆ ಎಂದು ಯಾರೂ ಬರೆಯಲಿಲ್ಲ.

ಆರು ತಿಂಗಳಲ್ಲಿ ಪಾಸ್ಕೋ ಸಂಸಾರ ದೇಶ ಬಿಟ್ಟಿತು. ಓಬಳಮ್ಮ ಅಲ್ಲೇ ಉಳಿದಳು. ಲೈನಿನ ಜನ ಅವಳನ್ನು ಹೆರಿಗೆಗೆ ಕರೆಯುತ್ತಿದ್ದರು. ಅವಳು ಹೊರಟ ಮೇಲೆ ಪಾತ್ರೆ ಎಣಿಸಿಕೊಳ್ಳುತ್ತಿದ್ದರು. ಅದು ಅವಳಿಗೂ ಗೊತ್ತಿತ್ತು. ಅವಳು ನನ್ನನ್ನು ಮತ್ತೆ ಕೊರಳಿಗೆ ಹಾಕಲಿಲ್ಲ. ಬಟ್ಟೆಯಲ್ಲಿ ಸುತ್ತಿ ಹಳೆಯ ಸುಣ್ಣದ ಡಬ್ಬಿಯೊಳಗೆ ಇಟ್ಟಳು. ಅವಳ ಮಗಳಿಗೆ ಆ ಡಬ್ಬಿಯೂ ಬಂತು, "ಕಳ್ಳಿ ಓಬಳಿ ಮಗಳು" ಎಂಬ ಹೆಸರೂ ಬಂತು. ಮೊಮ್ಮಗಳು ತಿಮ್ಮಕ್ಕನಿಗೂ ಎರಡೂ ಬಂದವು. ತಿಮ್ಮಕ್ಕನ ಮದುವೆಗೆ ಬಂದ ಮೊದಲ ಸಂಬಂಧ ಈ ಹೆಸರಿನಿಂದಲೇ ತಪ್ಪಿತು. ನೂರು ವರ್ಷಕ್ಕೂ ಮೇಲೆ ನಾನು ಕತ್ತಲಲ್ಲಿ ಕೂತು ಇದೆಲ್ಲ ಕೇಳಿಸಿಕೊಂಡೆ.

ತಿಮ್ಮಕ್ಕನ ಮಗಳು ಪಂಕಜಾಕ್ಷಿ. ಬಂಗಾರಪೇಟೆಯಲ್ಲಿ ರವಿಕೆ ಹೊಲಿಯುವ ಅಂಗಡಿ ಇಟ್ಟಿದ್ದಾಳೆ. ತಾಯಿ ತೀರಿದ ಮೇಲೆ ಡಬ್ಬಿ ತೆರೆದಾಗ ಅವಳಿಗೆ ಐವತ್ತೆಂಟು ವರ್ಷ. ಸೂಜಿಗೆ ದಾರ ಪೋಣಿಸಲು ಇಟ್ಟುಕೊಂಡಿದ್ದ ಭೂತಗನ್ನಡಿಯನ್ನು ನನ್ನ ಮೇಲೆ ಹಿಡಿದಳು. ತಿರುಗಿಸಿದಳು. ಒಂದೊಂದು ಹೊಲಿಗೆ ನೋಡುವ ಕಣ್ಣು ಅದು.

"ರೀ, ಇಲ್ಲಿ ಹಕ್ಕಿ ಕೆಳಗೆ ಏನೋ ಬರ್ದೈತೆ. ಸಿ, ಸಿ."

"ಕಂಪನಿ ಹೆಸರಿರ್ಬೇಕು" ಎಂದ ಗಂಡ ಗೋವಿಂದಪ್ಪ, ಟಿವಿಯಿಂದ ಕಣ್ಣು ತೆಗೆಯದೆ.

ಕೂಗಬೇಕೆನಿಸಿತು ನನಗೆ. ಕೊನೆಗೂ ಒಬ್ಬಳು ಓದಿದ್ದಳು.

ಒಡವೆ ಅಂಗಡಿಯವನು ತಕ್ಕಡಿಗೆ ಹಾಕಿ, "ಇಪ್ಪತ್ತೆರಡು ಕ್ಯಾರೆಟ್ಟಿಗೂ ಚೂರು ಕಮ್ಮಿ. ಕರಗಿಸಿ ಬಳೆ ಮಾಡ್ಕೊಡ್ಲಾ?" ಎಂದ. ಅವಳು ನನ್ನನ್ನು ಕಿತ್ತುಕೊಂಡೇ ಬಂದಳು. ಬೆಂಗಳೂರಿನಲ್ಲಿ ಹಳೆಯ ನಾಣ್ಯಗಳ ಪ್ರದರ್ಶನ ನಡೆಯುತ್ತಿದೆ ಎಂದು ಪೇಪರಿನಲ್ಲಿ ನೋಡಿ ರೈಲು ಹತ್ತಿದಳು. ಅಲ್ಲಿ ಪಾಂಡುರಂಗ ಸೆಟ್ಟರು ಸಿಕ್ಕರು. ನಲವತ್ತು ವರ್ಷದಿಂದ ನಾಣ್ಯ ಸಂಗ್ರಹಿಸುತ್ತಿದ್ದವರು. ನನ್ನನ್ನು ಅಂಚಿನಲ್ಲಷ್ಟೇ ಹಿಡಿದು ತಿರುಗಿಸಿದರು, ಕುರ್ಚಿ ಎಳೆದುಕೊಂಡು ಕೂತರು.

"ಇದನ್ನ ಎಲ್ಲಿಂದ ತಂದ್ರಮ್ಮ?"

ಪಂಕಜಾಕ್ಷಿಯ ಮುಖ ಕಪ್ಪಿಟ್ಟಿತು. "ಯಾಕೆ, ಕದ್ದಿದ್ದು ಅಂತ ಕೇಳ್ತಿದ್ದೀರಾ?"

"ಅಯ್ಯೋ ಇಲ್ಲಮ್ಮ. ಇಂಥದ್ದನ್ನ ನಾನು ಪುಸ್ತಕದಲ್ಲಿ ಬಿಟ್ರೆ ನೋಡೇ ಇಲ್ಲ. ಕೊಂಡಿ ಬೆಸೆದು ಹಾಳು ಮಾಡಿದ್ದಾರೆ, ಆದರೂ ಬೆಲೆ ಇದೆ. ಹರಾಜಿಗೆ ಕೊಡಿ. ಅವರು ಒಂದು ಪುಸ್ತಕ ಅಚ್ಚು ಹಾಕಿಸ್ತಾರೆ. ಅದರಲ್ಲಿ ಫೋಟೋ ಬರುತ್ತೆ, ಯಾರಿಂದ ಯಾರಿಗೆ ಬಂತು ಅನ್ನೋ ಕಥೆ ಬರುತ್ತೆ."

"ಹೆಸರೂ ಬರುತ್ತಾ? ನಮ್ಮ ಮುತ್ತಜ್ಜಿ ಹೆಸರು?"

"ಬಂದೇ ಬರುತ್ತೆ. ಒಂದು ಮಾತು ನೆನಪಿಡಿ, ಇದನ್ನ ತೊಳೀಬೇಡಿ, ಉಜ್ಜಬೇಡಿ. ಹೇಗಿದೆಯೋ ಹಾಗೇ ಇರಲಿ."

ರೈಲಿನಲ್ಲಿ ಅವಳು ಕೈಚೀಲದ ಮೇಲಿಂದ ನನ್ನನ್ನು ಒತ್ತಿ ಹಿಡಿದೇ ಕೂತಿದ್ದಳು. ಮನೆಗೆ ಬಂದವಳೇ ಗಂಡನಿಗೆ ಹೇಳಿದಳು: "ಡಬ್ಬಿಯೊಳಗೆ ಇದ್ದಷ್ಟು ದಿನ ಇದು ಕಳ್ಳಮಾಲೇ. ಪುಸ್ತಕದಾಗೆ ಬಂದ್ರೆ ಜನರ ಬಾಯಿ ಮುಚ್ಚಿಸ್ದಂಗೆ ಆಗ್ತದೆ. ದುಡ್ಡು ಎಷ್ಟಾದ್ರೂ ಬರ್ಲಿ." ಉಜ್ಜಬಾರದೆಂಬ ಮಾತನ್ನು ಹೇಳಲು ಮರೆತಳು.

ಗೋವಿಂದಪ್ಪ ಒಳ್ಳೆಯ ಮನುಷ್ಯ. ಅದೇ ತೊಂದರೆ. ಹರಾಜು ಕಂಪನಿಗೆ ಹೋಗುವ ಹಿಂದಿನ ದಿನ, ಅವಳು ಅಂಗಡಿಯಲ್ಲಿದ್ದಾಗ, ನನ್ನನ್ನು ಅಕ್ಕಸಾಲಿಗನ ಬಳಿಗೆ ಒಯ್ದು ಕೊಂಡಿ ತೆಗೆಸಿದ, ಅರದಿಂದ ಆ ಜಾಗ ನುಣ್ಣಗೆ ಮಾಡಿಸಿದ, ಪಾಲಿಶ್ ಚಕ್ರಕ್ಕೆ ಹಿಡಿಸಿದ. ಸುಮಾರು ನೂರೈವತ್ತು ವರ್ಷ ಮೈಗೂಡಿದ್ದ ಬಣ್ಣ ಎರಡು ನಿಮಿಷದಲ್ಲಿ ಧೂಳಾಗಿ ಹಾರಿತು. ಹದ್ದಿನ ಗರಿಗಳು ಸವೆದವು. ಸಂಜೆ ಹೊಳೆಯುವ ನನ್ನನ್ನು ಅವಳ ಕೈಗಿಟ್ಟು, "ಹೆಂಗೆ? ಮದುವೆ ಹೆಣ್ಣು ಕಂಡಂಗೆ ಕಾಣ್ತಾಳೆ ಅಲ್ವಾ?" ಎಂದ.

ಪಂಕಜಾಕ್ಷಿ ನನ್ನನ್ನು ನೋಡಿದಳು, ಅವನನ್ನು ನೋಡಿದಳು. "ಕೇಳ್ಬಾರ್ದಾಗಿತ್ತಾ ನನ್ನ ಒಂದು ಮಾತು" ಎಂದಷ್ಟೇ ಹೇಳಿ ಒಳಗೆ ಹೋದಳು. ಅವನಿಗೆ ಏನು ತಪ್ಪಾಯಿತೆಂದು ತಿಳಿಯದೆ ಆ ಹೊತ್ತು ಊಟ ಸೇರಲಿಲ್ಲ.

ಹರಾಜು ಕಂಪನಿಯ ಪರೀಕ್ಷಕ ಚಿಕ್ಕ ವಯಸ್ಸಿನವನು, ಮಾತು ಮೆತ್ತಗೆ. ಕನ್ನಡಕಕ್ಕೆ ಮಸೂರ ಸಿಕ್ಕಿಸಿಕೊಂಡು ನನ್ನನ್ನು ನೋಡಿ ನಿಟ್ಟುಸಿರಿಟ್ಟ. "ಕೊಂಡಿ ತೆಗೆದ ಗುರುತಿದೆ. ಪಾಲಿಶ್ ಬೇರೆ ಮಾಡಿಸಿದ್ದೀರಿ. ಮೊದಲಿನ ಹಾಗೇ ತಂದಿದ್ದರೆ ಇದರ ನಾಲ್ಕರಷ್ಟು ಅಂದಾಜು ಹಾಕುತ್ತಿದ್ದೆ. ನೂರು ವರ್ಷ ದಾಟಿದ್ದರಿಂದ ದೇಶದ ಆಚೆಗೂ ಹೋಗುವ ಹಾಗಿಲ್ಲ. ಇಲ್ಲಿ ಅಮೆರಿಕದ ನಾಣ್ಯ ಕೇಳುವವರು ಕಡಿಮೆ."

"ಅದು ಇರ್ಲಪ್ಪ. ಓಬಳಮ್ಮನ ಕಥೆ ಹಾಕ್ತೀರಲ್ವಾ?"

"ದಾಖಲೆ ಏನಿದೆ ಮೇಡಂ? ದೊರೆ ಬರೆದ ಚೀಟಿ, ಪತ್ರ, ಏನಾದರೂ?"

"ನಮ್ಮಮ್ಮ ಹೇಳಿದ್ದು. ಅವರಮ್ಮ ಅವರಿಗೆ ಹೇಳಿದ್ದು."

"ಬಾಯಿಮಾತು ಅಚ್ಚು ಹಾಕೋಕಾಗಲ್ಲ ಮೇಡಂ. ಕಂಪನಿ ನಿಯಮ."

ಅವಳು ಎರಡು ತಿಂಗಳು ಅಲೆದಳು. ಮುಚ್ಚಿಹೋದ ಬಿಳಿಗುಂಡ್ಲು ಗಣಿಯ ಹಳೆಯ ಕಾಗದಗಳು ಎಲ್ಲಿವೆ ಎಂದು ಒಂದು ಕಚೇರಿ ಇನ್ನೊಂದು ಕಚೇರಿಗೆ ಅಟ್ಟಿತು. ಅದು ಮೊದಲನೆಯದಕ್ಕೇ ವಾಪಸು ಕಳಿಸಿತು. ಇಗರ್ಜಿಯಲ್ಲಿ ಪಾಸ್ಕೋ ಮಗುವಿನ ಜ್ಞಾನಸ್ನಾನದ ಪುಟವನ್ನೇ ಗೆದ್ದಲು ತಿಂದಿತ್ತು. ಕೊನೆಗೆ ಒಬ್ಬ ಗುಮಾಸ್ತ ಕರುಣೆಯಿಂದ ಒಂದು ಕಟ್ಟು ಹುಡುಕಿಕೊಟ್ಟ. ಅದರಲ್ಲಿ ಸಿಕ್ಕಿದ್ದು ಕಾವಲು ಠಾಣೆಯ ಆ ಒಂದೇ ಸಾಲು: ಕಳವಿನ ಅನುಮಾನ. ಅದರ ನಕಲು ಪ್ರತಿಯನ್ನು ಕೈಯಲ್ಲಿ ಹಿಡಿದು ಅವಳು ಕಚೇರಿಯ ಮೆಟ್ಟಿಲ ಮೇಲೆ ಕೂತಳು. ನೂರಿಪ್ಪತ್ತು ಚಿಲ್ಲರೆ ವರ್ಷದ ಮೇಲೆ ಸಿಕ್ಕ ಏಕೈಕ ಸಾಕ್ಷಿ ಅವಳ ಮುತ್ತಜ್ಜಿಯ ವಿರುದ್ಧವೇ ಇತ್ತು.

ಹರಾಜಿನ ಪುಸ್ತಕದಲ್ಲಿ ನನ್ನ ಸಂಖ್ಯೆ ಇನ್ನೂರ ಹದಿನಾಲ್ಕು. "ಕೊಂಡಿ ತೆಗೆದದ್ದು, ಪಾಲಿಶ್ ಆಗಿದೆ, ಖಾಸಗಿ ಸಂಗ್ರಹದಿಂದ." ಅಷ್ಟೇ.

ಹೋಟೆಲೊಂದರ ಸಭಾಂಗಣದಲ್ಲಿ ಹರಾಜು ನಡೆಯಿತು. ಪಂಕಜಾಕ್ಷಿ ರೇಷ್ಮೆ ಸೀರೆ ಉಟ್ಟು ಹಿಂದಿನ ಸಾಲಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಗೋವಿಂದಪ್ಪ. ಪರದೆಯ ಮೇಲೆ ನನ್ನ ಚಿತ್ರ ಬಂತು. ಹರಾಜು ಕೂಗುವವನು "ಖಾಸಗಿ ಸಂಗ್ರಹದಿಂದ" ಎಂದು ಓದಿದ್ದೇ ತಡ, ಅವಳು ಎದ್ದು ನಿಂತಳು.

"ಖಾಸಗಿ ಅಲ್ಲ ಸ್ವಾಮಿ. ಅದಕ್ಕೆ ಹೆಸರೈತೆ. ಬಿಳಿಗುಂಡ್ಲು ಸೂಲಗಿತ್ತಿ ಓಬಳಮ್ಮ. ಪಾಸ್ಕೋ ದೊರೆ ಹೆಂಡ್ತಿಗೆ ಹೆರಿಗೆ ಮಾಡಿಸಿ ಮಗನ್ನ ಉಳಿಸಿದ್ದಕ್ಕೆ ಅವರೇ ಕೊಟ್ಟಿದ್ದು. ಅವಳು ಕದ್ದಿಲ್ಲ."

ಸಭೆ ತಿರುಗಿ ನೋಡಿತು. ಯಾರೋ ನಕ್ಕರು. "ಮೇಡಂ, ದಯವಿಟ್ಟು ಕೂತ್ಕೊಳ್ಳಿ" ಎಂದ ಕೂಗುವವನು. ಅವಳು ಕೂರಲಿಲ್ಲ. ಆಗ ಗೋವಿಂದಪ್ಪನೂ ಎದ್ದು ಅವಳ ಪಕ್ಕ ನಿಂತ. ಇಬ್ಬರೂ ನಿಂತಿರುವಾಗಲೇ ಕೂಗು ಮುಂದುವರಿಯಿತು. ಒಬ್ಬ ಚಿನ್ನದ ವ್ಯಾಪಾರಿ ತೂಕದ ಬೆಲೆಯವರೆಗೆ ಬಂದು ಕೈ ಬಿಟ್ಟ. ಸೆಟ್ಟರು ಕೈ ಎತ್ತುತ್ತಲೇ ಹೋದರು. ಚಿನ್ನದ ಬೆಲೆಯ ಎರಡರಷ್ಟೂ ಮುಟ್ಟುವ ಮೊದಲೇ ಸುತ್ತಿಗೆ ಬಿತ್ತು. ನಾನು ಸೆಟ್ಟರ ಪಾಲಾದೆ.

ಹೊರಗೆ, ಕಾಫಿಯ ಮೇಜಿನ ಬಳಿ, ಸೆಟ್ಟರು ಒಂದು ಸಣ್ಣ ಕಾಗದದ ಲಕೋಟೆ ತೆಗೆದರು. ಸಂಗ್ರಹಕಾರರು ಪ್ರತಿ ನಾಣ್ಯವನ್ನೂ ಅಂಥದ್ದರಲ್ಲಿ ಇಟ್ಟು, ಅದರ ವಿವರವನ್ನು ಮೇಲೆ ಕೈಯಾರೆ ಬರೆಯುತ್ತಾರೆ. ನಾಣ್ಯ ಯಾರ ಕೈಗೆ ಹೋದರೂ ಲಕೋಟೆ ಜೊತೆಗೇ ಹೋಗುತ್ತದೆ. ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದು ಅವಳಿಗೆ ತೋರಿಸಿದರು: "ಪಾಸ್ಕೋ ಅವರು ಸೂಲಗಿತ್ತಿ ಓಬಳಮ್ಮನಿಗೆ ಕೊಟ್ಟದ್ದು?"

ಪಂಕಜಾಕ್ಷಿ ಓದಿದಳು. "ಕೊನೇಲಿ ಈ ಕೊಕ್ಕೆ ಯಾಕೆ?"

"ದಾಖಲೆ ಇಲ್ವಲ್ಲಮ್ಮ" ಎಂದರು ಸೆಟ್ಟರು, ಮುಜುಗರದಿಂದ. "ನಾನು ನಂಬ್ತೀನಿ. ಆದರೆ ನನ್ನ ನಂತರ ಓದೋರಿಗೆ ಸುಳ್ಳು ಬರೆದಿಟ್ಟ ಹಾಗಾಗಬಾರದು. ಅದನ್ನ ತೆಗೆಯೋಕಾಗಲ್ಲ."

ಅವಳು ಅವರ ಕೈಯಿಂದ ಪೆನ್ನು ತೆಗೆದುಕೊಂಡಳು. ಆ ಚಿಹ್ನೆಯ ಕೆಳಗೆ ತನ್ನ ಹೆಸರು ಬರೆದಳು, ಬಂಗಾರಪೇಟೆಯ ಅಂಗಡಿಯ ವಿಳಾಸ ಬರೆದಳು, ಹತ್ತು ಅಂಕಿಯ ಫೋನ್ ನಂಬರ್ ಬರೆದಳು. ಪೆನ್ನು ಮುಚ್ಚಿ ಹಿಂದಿರುಗಿಸಿದಳು.

"ಅನುಮಾನ ಇದ್ದೋರು ನನ್ನ ಕೇಳ್ಲಿ."

ಈಗ ನಾನು ಸೆಟ್ಟರ ಬ್ಯಾಂಕ್ ಲಾಕರಿನಲ್ಲಿದ್ದೇನೆ. ಮೈ ಸವೆದಿದೆ, ಬಣ್ಣ ಹೋಗಿದೆ, ಬೆಲೆ ಇಳಿದಿದೆ. ವರ್ಷಕ್ಕೊಮ್ಮೆ ಯಾರಾದರೂ ಸಂಗ್ರಹಕಾರರು ಬಂದಾಗ ಹೊರಗೆ ಬರುತ್ತೇನೆ. ಅವರು ನೆತ್ತಿಯ ಗಾಯ ನೋಡಿ ಚ್ಚು ಚ್ಚು ಎನ್ನುತ್ತಾರೆ, ಸಿ ಸಿ ನೋಡಿ ಹುಬ್ಬೇರಿಸುತ್ತಾರೆ, ಲಕೋಟೆ ಓದುತ್ತಾರೆ. ಪ್ರಶ್ನೆ ಅಲ್ಲೇ ಇದೆ. ಉತ್ತರ ಹೇಳುವವಳ ನಂಬರೂ ಅದರ ಕೆಳಗೇ ಇದೆ. ಇಷ್ಟು ವರ್ಷದಲ್ಲಿ ಒಬ್ಬರಾದರೂ ಫೋನು ಎತ್ತಿ ಅವಳನ್ನು ಕೇಳಿಲ್ಲ.