ಟವಲಿನೊಳಗೆ ಕೊಂಡ ಟಗರು

ಥೆರಪಿ ಕೇಂದ್ರದಲ್ಲಿ ಒಂದು ಸಲ ಕೈಯಿಂದ ಚೆಂಡು ಹಿಂಡಿಸುವುದಕ್ಕೆ ಮುನ್ನೂರು ರೂಪಾಯಿ, ಅರಕೆರೆಯಿಂದ ಶ್ರೀರಂಗಪಟ್ಟಣಕ್ಕೆ ಹೋಗಿಬರಲು ಆಟೋಗೆ ನಾನೂರು, ಮೇಲೆ ಹೆಂಡತಿ ಪುಟ್ಟತಾಯಮ್ಮನ ಅರ್ಧ ದಿನದ ಕೆಲಸ ಹಾಳು. ಅಷ್ಟು ಕೊಟ್ಟು ಬಂದು ಕೂತಾಗಲೆಲ್ಲ ಹೊನ್ನಪ್ಪನಿಗೆ ತಾನೇ ಒಂದು ಕೆಟ್ಟ ವ್ಯಾಪಾರ ಅನ್ನಿಸುತ್ತಿತ್ತು. ಮೂವತ್ತು ವರ್ಷ ದನದ ದಲ್ಲಾಳಿಯಾಗಿದ್ದವನು. ಬಲಗಾಲು ಎಳೆಯುವ, ಬಾಯಿ ಓರೆಯಾದ, ಮೇವು ಕಂಡರೆ ಮುಖ ತಿರುಗಿಸುವ ಇಂಥ ಎತ್ತು ಸಂತೆಗೆ ಬಂದಿದ್ದರೆ ಹಲ್ಲು ಕೂಡ ನೋಡದೆ ಮುಂದಕ್ಕೆ ಹೋಗುತ್ತಿದ್ದ.

ಲಕ್ವ ಹೊಡೆದ ಮೇಲೆ ಅಳುವೊಂದು ಜೊತೆಗೆ ಬಂದಿತ್ತು. ಟೀವಿಯಲ್ಲಿ ಸೋಪಿನ ಜಾಹೀರಾತು ಬಂದರೂ ಅಳು. ಚಿಕಿತ್ಸೆ ಶುರುವಾದ ಮೇಲೆ ಅದು ಹೆಚ್ಚಿತು. ಮನೆಯಲ್ಲಿ ಮಲಗಿದ್ದಾಗ ಕೈ ಬರುವುದಿಲ್ಲ ಎಂಬುದು ಬರೀ ಸುದ್ದಿ. ಇಲ್ಲಿ ಅದನ್ನು ಎಲ್ಲರೆದುರು ಮಾಡಿ ತೋರಿಸಬೇಕು. ಬಟ್ಟಲಿನಿಂದ ಒಂದು ಕಡಲೆಕಾಯಿ ಎತ್ತಿಟ್ಟರೆ ಥೆರಪಿ ಮಾಡುವ ಹುಡುಗಿ ಸಹನ ಚಪ್ಪಾಳೆ ತಟ್ಟುತ್ತಿದ್ದಳು.

"ಸೂಪರ್ ತಾತ!"

"ನಮ್ಮ ಮೊಮ್ಮಗ ಚಡ್ಡೀಲಿ ಮಾಡ್ಕಳ್ದೆ ಯೋಳ್ದಾಗ ನಾವೂ ಇಂಗೇ ತಟ್ತಿದ್ದೊ ಕಣವ್ವ."

ಸಹನ ನಕ್ಕಳು. ಹೊನ್ನಪ್ಪನಿಗೆ ಅಳು ಬಂತು. ಪುಟ್ಟತಾಯಮ್ಮನ ಕಡೆ ತಿರುಗಿ, "ಇವತ್ತೇ ಕಡೇದು. ಇನ್ಮ್ಯಾಕೆ ಬರಾಕಿಲ್ಲ," ಅಂದ.

"ಬರ್ಬ್ಯಾಡಿ. ಗ್ವಾಡೆ ನೋಡ್ಕಂಡು ಮನೀಕಳಿ," ಅಂದಳು ಆಕೆ. ಆದರೆ ಮುಖ ಇಳಿದಿತ್ತು. ಈಗ ಬಿಟ್ಟರೆ ಕೈ ಹಾಗೇ ಮರಗಟ್ಟುತ್ತದೆ ಎಂದು ಡಾಕ್ಟರು ಹೇಳಿದ್ದರು.

ಪಕ್ಕದ ಕುರ್ಚಿಯಲ್ಲಿ ದ್ಯಾವಯ್ಯ. ಬಿಂಡಿಗನವಿಲೆಯ ಕುರಿ ವ್ಯಾಪಾರಿ. ಈಗ ಬೆಳಗೊಳದಲ್ಲಿ ಮಗಳು ಪ್ರಮೀಳನ ಮನೆಯಲ್ಲಿದ್ದ. ಅವನಿಗೂ ಲಕ್ವ; ಕೈಕಾಲು ನೆಟ್ಟಗಿದ್ದವು, ಮಾತು ಹೋಗಿತ್ತು. ಚಿತ್ರದ ಕಾರ್ಡು ತೋರಿಸಿ ಏನಿದು ಎಂದು ಕೇಳಿದರೆ ಎಲ್ಲಕ್ಕೂ "ಊ" ಅನ್ನುತ್ತಿದ್ದ. ಆವತ್ತು ಟಗರಿನ ಚಿತ್ರ ಬಂತು. ದ್ಯಾವಯ್ಯ ಊ ಅನ್ನಲಿಲ್ಲ. ಹೆಗಲ ಟವಲು ತೆಗೆದು ಹೊನ್ನಪ್ಪನ ಬಲಗೈ ಮೇಲೆ ಹಾಕಿ, ತನ್ನ ಕೈಯನ್ನೂ ಒಳಕ್ಕೆ ತೂರಿಸಿದ.

"ಅಯ್ಯೋ, ಮನೇಲೊಂದು ಟಗರದೆ. ಅದ್ನ ಮಾರ್ಬೇಕು ಅಂತ ಕಾಯ್ತಾವ್ರೆ," ಅಂದಳು ಜೊತೆಗೆ ಬಂದಿದ್ದ ಪ್ರಮೀಳ.

ಸಂತೆಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಟವಲಿನೊಳಗೆ ಎಷ್ಟು ಬೆರಳು ಹಿಡಿದರೆ ಅಷ್ಟು ಸಾವಿರ; ಹತ್ತು ದಾಟುವ ಮಾಲಾದರೆ ಹತ್ತರ ಮೇಲೆ ಅಷ್ಟು.

"ಹತ್ತರ ಮ್ಯಾಲೆ ಯೋಳ್ಲಾ," ಅಂದ ಹೊನ್ನಪ್ಪ. ಗಂಟಲಿಗೆ ಸಂತೆಯ ಗತ್ತು ಬಂದುಬಿಟ್ಟಿತ್ತು.

ದ್ಯಾವಯ್ಯ ಅವನ ನಾಲ್ಕು ಬೆರಳು ಹಿಡಿದ. ಹೊನ್ನಪ್ಪ ತಲೆ ಕೊಡವಿ, ಒಂದೇ ಒಂದು ಬೆರಳು ಹಿಡಿಯಬೇಕೆಂದು ಬೆವರು ಸುರಿಸಿ ದ್ಯಾವಯ್ಯನ ಕಿರುಬೆರಳಿಗೆ ಕೈಹಾಕಿದ. ಕೈ ಮುಚ್ಚಿತು. ಮುಚ್ಚುತ್ತಾ ಐದೂ ಬೆರಳನ್ನು ಬಾಚಿಕೊಂಡಿತು.

ಮಾರುವವನು ಕೇಳಿದ್ದು ಹದಿನಾಲ್ಕು, ಕೊಳ್ಳುವವನು ಕೊಟ್ಟಿದ್ದು ಹದಿನೈದು! ಇಂಥ ದಲ್ಲಾಳಿ ಮಂಡ್ಯ ಸೀಮೆಯಲ್ಲಿ ಹಿಂದೆ ಹುಟ್ಟಿರಲಿಲ್ಲ. ದ್ಯಾವಯ್ಯ ತೊಡೆ ತಟ್ಟಿಕೊಂಡು ಬಿದ್ದು ಬಿದ್ದು ನಕ್ಕ. ಅಪ್ಪನ ನಗು ಕೇಳಿ ಪ್ರಮೀಳ ಕಣ್ಣೊರೆಸಿಕೊಂಡಳು.

"ಬುಡಿ ದೊಡ್ಡಪ್ಪ, ಅದು ಅನ್ನೊಂದರ ಮಾಲು. ಕೈ ತಪ್ತು ಅನ್ನಿ, ಸಾಕು," ಅಂದಳು ಅವಳೇ.

ಹೊನ್ನಪ್ಪ ಹಾಗನ್ನಬಹುದಿತ್ತು. ಆದರೆ ಟವಲೊಳಗೆ ಆದದ್ದು ಆಯಿತು ಎಂದು ಊರವರ ಜಗಳ ಬಿಡಿಸುತ್ತಿದ್ದವನೇ ಅವನು. ಅಲ್ಲದೆ ಕೈ ತಪ್ಪಿತು ಎಂದರೆ ಕೈ ಹೋಗಿದೆ ಎಂದು ಒಪ್ಪಿದಂತೆ.

"ಏನೂ ತಪ್ಪಿಲ್ಲ ಕಣವ್ವ. ಟಗರು ನೋಡ್ದೆ ಇದ್ರೂ ನಂಗೆ ಗೊತ್ತಾಯ್ತದೆ," ಅಂದ. ಆ ಸುಳ್ಳಿಗೆ ತಾನೇ ನಕ್ಕ. ನಕ್ಕೂ ನಕ್ಕೂ ಓರೆಬಾಯಿಂದ ಜೊಲ್ಲು ಇಳಿಯಿತು.

"ತಾತ, ಮೊದ್ಲು ಅವ್ರ ಕೈ ಬಿಡಿ," ಅಂದಳು ಸಹನ. ಬಿಡಲು ಬರಲಿಲ್ಲ. ಅವಳೇ ಒಂದೊಂದಾಗಿ ಬೆರಳು ಬಿಡಿಸಿದಳು. "ಮುಂದಿನ್ ಸಲ ಬಿಡೋದನ್ನ ಕಲಿಯೋಣ. ಬರ್ತೀರಾ?"

"ಬರ್ದೆ? ಈ ಬಡ್ಡೈದನತಾವ ಲಾಸು ತುಂಬ್ಕಬೇಕಲ್ಲ!"

ಟಗರು ಮನೆಗೆ ಬಂತು, ಮುದಿಯದು. ಮಾರಿದಾಗ ಹತ್ತು ಸಾವಿರ ಸಿಕ್ಕಿತು, ಐದು ಹೋಯಿತು. ದ್ಯಾವಯ್ಯನಿಗೆ ಮಾತು ಬಂದಿಲ್ಲ. ಹೊನ್ನಪ್ಪ ಬಲಗೈಯ ಎರಡು ಬೆರಳನ್ನು ಬೇರೆಬೇರೆಯಾಗಿ ಮಡಿಸಬಲ್ಲ. ಉಳಿದವು ಇನ್ನೂ ಮಾತು ಕೇಳುವುದಿಲ್ಲ, ದಲ್ಲಾಳಿ ಕೆಲಸ ಮುಗಿದಂತೆಯೇ. ಅಳು ಈಗಲೂ ಆಗೊಮ್ಮೆ ಈಗೊಮ್ಮೆ ಬರುತ್ತದೆ. ಊಟ ಮಾತ್ರ ಈಗ ಸೇರುತ್ತದೆ.