ಮೆಂತ್ಯದ ಉಂಡೆಯ ವಾಸನೆ

ಹುಟ್ಟಿದ ಎರಡನೆಯ ದಿನ ಅನುವಿನ ಮಗುವಿನ ಹಿಮ್ಮಡಿ ಚುಚ್ಚಿ ಹುಟ್ಟುಕಾಯಿಲೆಗಳ ತಪಾಸಣೆಗೆಂದು ಕಾಗದದ ಕಾರ್ಡಿನ ಮೇಲೆ ರಕ್ತ ತೆಗೆದರು. ಆ ಕಾರ್ಡು ವಿಜಯವಾಡದ ಲ್ಯಾಬಿಗೆ ಹೋಗಲಿಲ್ಲ. ನಾಲ್ಕು ದಿನ ಗಾಜುವಾಕದ ಆಸ್ಪತ್ರೆಯ ಡ್ರಾಯರಿನಲ್ಲೇ ಉಳಿಯಿತು.

ಇಪ್ಪತ್ತು ಕಾರ್ಡು ಸೇರಿದ ಮೇಲೆ ಒಟ್ಟಿಗೆ ಕಳಿಸುವುದು ಅಲ್ಲಿನ ಪದ್ಧತಿ. ಈ ಸಲ ಸೇರಿದ್ದು ಹದಿಮೂರು. ಡ್ರಾಯರಿನ ಮೇಲಿನ ಗೋಡೆಯಲ್ಲಿ 'ನೂರಕ್ಕೆ ನೂರು ಶಿಶುಗಳ ತಪಾಸಣೆ' ಎಂಬ ಪ್ರಶಸ್ತಿಪತ್ರ ಹೊಳೆಯುತ್ತಿತ್ತು. ಚುಚ್ಚಿದ ಲೆಕ್ಕ ಸರಿಯಾಗಿಯೇ ಇತ್ತು. ಆಮೇಲೇನಾಯಿತೆಂದು ಪ್ರಶಸ್ತಿ ಕೊಟ್ಟವರು ಕೇಳಿರಲಿಲ್ಲ.

ಆರನೆಯ ದಿನ ಬೆಳಿಗ್ಗೆ ಮಗು ಹಾಲು ಕುಡಿಯಲಿಲ್ಲ. ಒದ್ದೆ ಬಟ್ಟೆ ಬದಲಿಸಿದ ನರ್ಸ್ ಹರಿಣಿಗೆ ಬೆಲ್ಲದ ಪಾಕ ಸೀದ ವಾಸನೆ ಬಡಿಯಿತು. ಓದುವಾಗ ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದ ವಾಸನೆ. ಹಾಲಿನ ಪ್ರೋಟೀನು ಮೈಯಲ್ಲಿ ವಿಷವಾಗುವ, ಹುಟ್ಟಿನಿಂದಲೇ ಬರುವ ಕಾಯಿಲೆ. ಬೇಗ ಗೊತ್ತಾದರೆ ಹಾಲು ಬದಲಿಸಿ ಉಳಿಸಬಹುದು, ತಡವಾದರೆ ಮಿದುಳು ಹೋಗುತ್ತದೆ.

ಅವಳು ಡಾಕ್ಟರ್ ಭರತೇಶರನ್ನು ಕರೆತಂದಳು. ಅನುವಿನ ಮನೆಯವರಂತೆ ಅವರೂ ಕರ್ನಾಟಕದವರೇ. ಮೂಸಿ ನಕ್ಕರು.

"ಮೆಂತ್ಯದ ಉಂಡೆ ಕಣಮ್ಮ! ಬಾಣಂತಿ ತಿಂದ್ರೆ ಮಗು ಉಚ್ಚೆಗೂ ಇದೇ ವಾಸನೆ. ಏನ್ ಗಿರಿಜಮ್ಮ, ಹಾಸನದಿಂದ ಡಬ್ಬಿಗಟ್ಟಲೆ ತಂದಿದ್ರಲ್ಲ?"

ಬಾಣಂತನಕ್ಕೆ ಬಂದಿದ್ದ ಅನುವಿನ ತಾಯಿ ಗಿರಿಜಮ್ಮ ಸೆರಗು ಸರಿಮಾಡಿಕೊಂಡರು. "ತಂದಿದ್ದೇನೋ ನಿಜ ಡಾಕ್ಟ್ರೇ. ಇವಳು ಕಹಿ ಅಂತ ಒಂದೂ ಮುಟ್ಟಲಿಲ್ಲ. ಡಬ್ಬಿ ನಿಮ್ಮ ರೂಮಿಗೇ ಕಳಿಸಿದ್ನಲ್ಲ. ಚೆನ್ನಾಗಿದೆ ಅನ್ನೋಕೆ ತೆಲುಗಲ್ಲಿ ಬಾಗುಂದಿ ಬಾಗುಂದಿ ಅಂತ ತಿಂದ್ರಿ."

"ಹಾಗಾದ್ರೆ ವಾಸನೆ ನಿಮ್ಮ ಹತ್ರ ಬರಬೇಕಿತ್ತು ಸರ್," ಎಂದಳು ಹರಿಣಿ.

ಪಕ್ಕದ ಹಾಸಿಗೆಯವರು ಕಿಸಕ್ಕೆಂದರು. ಅನು ನಗಲಿಲ್ಲ. "ಸಿಸ್ಟರ್, ಇದು ಕಣ್ಣೇ ಬಿಡ್ತಿಲ್ಲ."

ಭರತೇಶರು ಗಡಿಯಾರ ನೋಡಿದರು. "ಗ್ಲೂಕೋಸ್ ಹಾಕಿ. ಮಿಕ್ಕಿದ್ದು ರಿಪೋರ್ಟ್ ಬಂದ ಮೇಲೆ."

"ರಿಪೋರ್ಟ್ ಬರೋಕೆ ಕಾರ್ಡು ಹೋಗಬೇಕು ಸರ್."

"ಹೋಗುತ್ತಮ್ಮ. ಇನ್ನೇಳು ಮಕ್ಕಳು ಹುಟ್ಟಲಿ."

ಹರಿಣಿ ಗ್ಲೂಕೋಸ್ ಹಾಕಿದಳು. ಆಮೇಲೆ ಡ್ರಾಯರು ಎಳೆದು ಹದಿಮೂರೂ ಕಾರ್ಡುಗಳನ್ನು ಕವರಿಗೆ ತುಂಬಿದಳು. ಅದನ್ನು ತಾನೇ ಲ್ಯಾಬಿಗೆ ಮುಟ್ಟಿಸುತ್ತೇನೆಂದು ಮಗುವಿನ ಅಪ್ಪ ದಿನೇಶ ವಿಜಯವಾಡದ ರೈಲು ಹಿಡಿಯಲು ಗೇಟಿನಲ್ಲಿ ಆಟೋ ನಿಲ್ಲಿಸಿಕೊಂಡಿದ್ದ.

"ನನ್ನ ಸಹಿ ಇಲ್ಲದೆ ಯಾವ ಕಾರ್ಡೂ ಆಚೆ ಹೋಗಂಗಿಲ್ಲ," ಭರತೇಶರು ಬಾಗಿಲಿಗೆ ಅಡ್ಡ ನಿಂತರು. "ನಾಳೆ ಡ್ಯೂಟಿಗೆ ಬರೋ ಆಸೆ ಇದ್ರೆ ವಾಪಸ್ ಡ್ರಾಯರಲ್ಲಿಡು."

ಹರಿಣಿ ಕವರಿನ ಬಾಯಿ ಅಂಟಿಸಿದಳು.

"ಇಡಲ್ಲ ಸರ್. ಸ್ವಲ್ಪ ಪಕ್ಕಕ್ಕೆ ಬನ್ನಿ."